ನೀಲಾವತಿಯ ತಾವರೆ ಟಬ್ಬುಗಳು

ನಮ್ಮ ಬಿಲ್ಡಿಂಗಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ನೀಲಾವತಿಯ ಬಗ್ಗೆ ಒಂದೇ ಮಾತು ಹೇಳುತ್ತಾರೆ: ಹೂವಿನ ಹುಚ್ಚಿಗೆ ಮಗಳನ್ನು ಬಲಿ ಕೊಟ್ಟವಳು. ಹಾಗೆನ್ನುವವರ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸುತ್ತದೆ ನನಗೆ. ಆದರೆ ನಾನು ಯಾರಿಗೂ ಏನೂ ಹೇಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಬರೆಯುವುದಿಲ್ಲ ಎಂದು ಮಾತ್ರ ಹೇಳಿರಲಿಲ್ಲ. ಇಲ್ಲಿ ಕನ್ನಡ ಪುಸ್ತಕ ಓದುವವರು ನಾನು ಮತ್ತು ನಮ್ಮ ಯಜಮಾನರು ಇಬ್ಬರೇ. ನೀಲಾವತಿಯ ಗಂಡ ದೂಜಣ್ಣ ಓದುವ ಕನ್ನಡವೆಂದರೆ ಊರಿಂದ ಬರುವ ಮದುವೆ ಕಾಗದ ಮಾತ್ರ. ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ.

ನಾವು ಮೈಸೂರು ಕಡೆಯವರು. ಯಜಮಾನರು ವೆಂಕಟಸುಬ್ಬಯ್ಯನವರು ಮುಂಬೈಯ ಈ ಚೆಂಬೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದರು. ಮೇಲಿನ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ನೀಲಾವತಿಯದು, ಅದರ ಮೇಲೆ ಟೆರೇಸು. ಅವರು ಕಾಪು ಕಡೆಯ ತುಳುವರು. ದೂಜಣ್ಣ ಸ್ಟೇಶನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತು ಕೂದಲು ಬೆಳ್ಳಗಾದ ಮನುಷ್ಯ. ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ, ಮನೆಯವರೆಲ್ಲ ಉಂಡ ಮೇಲೆ ಬರುತ್ತಾರೆ. ಮಗಳು ಶ್ರಾವ್ಯಾ ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲವನ್ನೂ ಅವರು ಹೋಟೆಲಿನಿಂದ ರಜೆ ಕೇಳಿಕೊಂಡು ನೋಡಿದವರು.

ತಾವರೆ ಶುರುವಾದದ್ದು ಒಂದು ತರಕಾರಿಯಿಂದ. ಚೆಂಬೂರು ಕ್ಯಾಂಪಿನ ಮಾರ್ಕೆಟ್ಟಿನಲ್ಲಿ ಸಿಂಧಿಗಳು ತಾವರೆ ಗೆಡ್ಡೆಯನ್ನು ಪಲ್ಯಕ್ಕೆ ಕೊಳ್ಳುತ್ತಾರೆ, ಅದಕ್ಕೆ ಭೀ ಎನ್ನುತ್ತಾರೆ. ನಾವು ದೇವರ ಕೈಯಲ್ಲಿ ಇಡುವುದನ್ನು ಇವರು ಮಸಾಲೆಗೆ ಹಾಕುತ್ತಾರಲ್ಲ ಎಂದು ನಾನು ಮೂಗು ಮುರಿಯುತ್ತಿದ್ದಾಗ ನೀಲಾವತಿ ಆ ಕೆಸರು ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದಳು. ತುದಿಯ ಮೊಳಕೆ ಮುರಿಯದ ಒಂದೇ ಒಂದು ಗೆಡ್ಡೆ ಸಿಕ್ಕಿತು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಯಾರ ಕೈಯೂ ತಾಗದಂತೆ ಎದೆಗವಚಿಕೊಂಡು ತಂದಳು. ಕೈಗೂಸು ಹೊತ್ತವಳ ಹಾಗೆ ನಡೆಯುತ್ತೀಯಲ್ಲೇ ಎಂದು ನಾನು ದಾರಿಯುದ್ದಕ್ಕೂ ಅವಳ ಕಾಲೆಳೆದೆ.

ಹೋಟೆಲಿನವರು ಬಿಸಾಡಿದ ನೀಲಿ ಡ್ರಮ್ಮುಗಳನ್ನು ಅಡ್ಡ ಕೊಯ್ಯಿಸಿ ಟಬ್ಬು ಮಾಡಿದಳು. ಗಣಪತಿ ಮೂರ್ತಿ ಮಾಡುವವರ ಶೆಡ್ಡಿಗೆ ಹೋಗಿ ಉಳಿದ ಜೇಡಿಮಣ್ಣು ಬೇಡಿ ತಂದಳು. ತಳಕ್ಕೆ ಹಳೆಯ ಸಗಣಿ ಗೊಬ್ಬರ, ಮೇಲೆ ಮಣ್ಣು, ಮಣ್ಣಿನಲ್ಲಿ ಗೆಡ್ಡೆಯನ್ನು ಓರೆಯಾಗಿ ಮಲಗಿಸಿ, ಮೊಳಕೆ ಮಾತ್ರ ಹೊರಗಿಟ್ಟು, ಟಬ್ಬಿನ ಒಳಗೋಡೆಯ ಮೇಲಿಂದ ಇಳಿಯುವ ಹಾಗೆ ನಿಧಾನವಾಗಿ ನೀರು. ಬಾಡಿದ ಎಲೆಯ ದಂಟನ್ನು ನೀರಿಗಿಂತ ಮೇಲೆಯೇ ಕತ್ತರಿಸಬೇಕಂತೆ. ದಂಟು ಟೊಳ್ಳು, ನೀರಿನ ಕೆಳಗೆ ಕತ್ತರಿಸಿದರೆ ನೀರು ಒಳಗಿಳಿದು ಗೆಡ್ಡೆ ಕೊಳೆಯುತ್ತದಂತೆ. ಮೊದಲ ಗೆಡ್ಡೆ ಹಾಗೆಯೇ ಕೊಳೆತು ನಾರಿದ್ದಕ್ಕೆ ಅವಳಿಗೆ ಇದು ಗೊತ್ತಾಗಿದ್ದು. ಬೇರೆ ಗೆಡ್ಡೆಗಳನ್ನು ಆಮೇಲೆ ಅದೇ ಮಾರ್ಕೆಟ್ಟಿನಿಂದ ಆರಿಸಿ ತಂದಳು. ಪ್ರತಿ ಟಬ್ಬಿನಲ್ಲಿಯೂ ಸೊಳ್ಳೆಯ ಮರಿ ತಿನ್ನಲು ಗಪ್ಪಿ ಮೀನು. ಅಕ್ಕಿ ಕಾಳಿಗಿಂತ ತುಸು ದೊಡ್ಡ ಮೀನುಗಳವು, ಹಸಿರು ನೀರಿನಲ್ಲಿ ಎಲೆಯಡಿ ಅಡಗಿದರೆ ಕಾಣುವುದೂ ಇಲ್ಲ.

ಹೂವು ಬಿಟ್ಟಾಗ ಟೆರೇಸು ಟೆರೇಸಿನ ಹಾಗೆ ಇರುತ್ತಿರಲಿಲ್ಲ. ಕೆಳಗೆ ಟ್ರಾಫಿಕ್ಕು, ಆಚೆ ರಿಫೈನರಿಯ ಚಿಮಣಿ, ನಡುವೆ ಈ ಗುಲಾಬಿ ಬಣ್ಣ. ಅವಳು ಒಂದು ಹೂವನ್ನೂ ಮಾರಲಿಲ್ಲ. ಎಲ್ಲವೂ ಶುಕ್ರವಾರ ತುಳುವರ ಭಜನಾ ಮಂದಿರದ ದೇವಿಗೆ. ದೇವರಿಗೆ ಹೋಗುವ ಹೂವೆಂದು ಸ್ನಾನ ಮಾಡದೆ ಟಬ್ಬು ಮುಟ್ಟುತ್ತಿರಲಿಲ್ಲ. ಮುಟ್ಟಾದಾಗ ಟೆರೇಸಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಆ ದಿನಗಳಲ್ಲಿ ಮೀನುಗಳು ತಮ್ಮ ಕೆಲಸ ತಾವು ಮಾಡುತ್ತಿದ್ದವು.

"ನಿನ್ನ ತಾವರೇಗೆ ನಮ್ಮನೆ ದೇವರಿಗಿಂತ ಮಡಿ ಜಾಸ್ತಿ ಆಯ್ತಲ್ಲೇ," ಎಂದರೆ, "ನಿಮ್ಮ ದೇವರು ಮಾತಾಡುದಿಲ್ಲ ಅಕ್ಕ, ಇದು ಮುನಿಸಿಕೊಂಡ್ರೆ ಮೊಗ್ಗೇ ಬಿಡುದಿಲ್ಲ," ಎನ್ನುತ್ತಿದ್ದಳು.

ಶ್ರಾವ್ಯಾಳನ್ನು ಕೊಟ್ಟಿದ್ದು ದಹಿಸರಿಗೆ. ಅಳಿಯ ತಿಲಕ್ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸೂಪರ್‌ವೈಸರ್. ಹುಟ್ಟಿ ಬೆಳೆದದ್ದೆಲ್ಲ ಮುಂಬೈ, ಹೆಂಡತಿಯೆಂದರೆ ಜೀವ. ಮಳೆ ಶುರುವಾಗುವ ಹೊತ್ತಿಗೆ ಶ್ರಾವ್ಯಾ ಹೆರಿಗೆಗೆಂದು ತಾಯಿಯ ಮನೆಗೆ ಬಂದಳು. ಹೆಣ್ಣು ಮಗು, ಸುಖವಾದ ಹೆರಿಗೆ. ಆಸ್ಪತ್ರೆಯಿಂದ ಮಗು ಮನೆಗೆ ಬಂದ ದಿನ ನೀಲಾವತಿ ಬಿಲ್ಡಿಂಗಿಗೆಲ್ಲ ಪೇಡಾ ಹಂಚಿ ಟೆರೇಸಿನ ಬೀಗದ ಕೈಯನ್ನು ಮೊಳೆಗೆ ನೇತು ಹಾಕಿದಳು.

ಅವಳಿಗೆ ಅಮೆ ಬಂದಿತ್ತು. ಸತ್ತಾಗ ಸೂತಕವಿರುವ ಹಾಗೆ ಮಗು ಹುಟ್ಟಿದಾಗಲೂ ಮೈಲಿಗೆ ಉಂಟಲ್ಲ, ಅದಕ್ಕೆ ಅವರು ಅಮೆ ಎನ್ನುತ್ತಾರೆ. ನಮ್ಮಲ್ಲಾದರೆ ಮಗಳು ಹೆತ್ತರೆ ಮೈಲಿಗೆ ಅವಳ ಗಂಡನ ಮನೆಗೆ. ಅವರಲ್ಲಿ ವಂಶ ನಡೆಯುವುದು ತಾಯಿಯಿಂದ. ಮಗಳ ಮಗು ಅಜ್ಜಿಯ ಕುಟುಂಬಕ್ಕೆ ಸೇರಿದ್ದು. ಹಾಗಾಗಿ ಅಮೆಯೂ ನೀಲಾವತಿಗೇ. ದೂಜಣ್ಣ ಅವರ ತಾಯಿಯ ಕುಟುಂಬದವರು, ಅವರಿಗೆ ಲೆಕ್ಕದಲ್ಲಿ ಇಲ್ಲ. ಈ ವ್ಯವಸ್ಥೆ ಕೇಳಿ ನನಗೆ ನಗು ಬಂದಿತ್ತು. ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು, ಈ ಮಗು ನಮ್ಮದೇ ಕುಟುಂಬದ್ದು ಅಕ್ಕ, ಅಮೆ ನನಗೇ ಬಂತು ನೋಡಿ ಎಂದು ಅವಳು ಹೇಳುತ್ತಿದ್ದುದರಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ಅದು ಮೈಲಿಗೆ ಎಂಬುದೇ ಮರೆತು ಹೋಗುತ್ತಿತ್ತು.

ಟಬ್ಬು ನೋಡಲು ನಾನು ಹೋಗುತ್ತೇನೆಂದೆ. ಮಳೆಗೆ ಟೆರೇಸು ಪಾಚಿ ಕಟ್ಟಿದೆ, ನೀವು ಬಿದ್ದು ಸೊಂಟ ಮುರಿದುಕೊಂಡರೆ ಬಾಣಂತಿಯ ಜೊತೆ ನಿಮ್ಮನ್ನೂ ನಾನೇ ನೋಡಬೇಕು ಎಂದು ಬಾಯಿ ಮುಚ್ಚಿಸಿದಳು. ಹಣ್ಣಾದ ಎಲೆ ಬಿದ್ದಿದ್ದರೆ ತೆಗೆದು ಹಾಕಿ ಬನ್ನಿ ಎಂದು ದೂಜಣ್ಣನಿಗೆ ಹೇಳಿದಳು. ಅಷ್ಟೇ ಹೇಳಿದ್ದು.

ಅಮೆ ಕಳೆದು ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ ನೀಲಾವತಿ ನಮ್ಮ ಬಾಗಿಲು ತಟ್ಟಿದಳು. ತೊಟ್ಟಿಲಿಗೆ ಒಂದು ತಾವರೆ ಕಟ್ಟುವ ಆಸೆ ಅವಳಿಗೆ. "ಬನ್ನಿ ಅಕ್ಕ, ಮೊಗ್ಗು ಬಂದಿರ್ತದೆ," ಎಂದು ನನ್ನ ಕೈ ಹಿಡಿದು ಮೇಲೆ ಹತ್ತಿಸಿದಳು.

ಮೊಗ್ಗಿರಲಿಲ್ಲ. ಎಲೆಗಳ ಅಂಚು ಸುಟ್ಟ ಹಾಗೆ ಕಂದಾಗಿತ್ತು. ಟಬ್ಬಿನ ನೀರು ಮಾತ್ರ ತಳದ ಮಣ್ಣು ಕಾಣುವಷ್ಟು ತಿಳಿಯಾಗಿತ್ತು. ಎಷ್ಟು ಚೆನ್ನಾಗಿದೆಯಲ್ಲೇ ನೀರು ಎಂದು ನಾನು ಹೇಳುತ್ತಿದ್ದಂತೆ ನೀಲಾವತಿ ಬಗ್ಗಿ ಒಂದೊಂದು ಎಲೆಯನ್ನೂ ಎತ್ತಿ ನೋಡತೊಡಗಿದಳು. ಒಂದು ಟಬ್ಬು ನೋಡಿ ಇನ್ನೊಂದಕ್ಕೆ ಓಡಿದಳು. ಯಾವುದರಲ್ಲಿಯೂ ಮೀನಿರಲಿಲ್ಲ. ಆಮೇಲೆ ನನಗೂ ಕಂಡಿತು, ನೀರಿನ ತುಂಬ ಸಣ್ಣ ಸಣ್ಣ ಹುಳ, ಕೊಂಕಿ ಕೊಂಕಿ ಮೇಲೆ ಬಂದು ಕೆಳಗಿಳಿಯುತ್ತಿದ್ದವು. ಗೋಡೆಯ ಮೂಲೆಯಲ್ಲಿ ಇಟ್ಟಿಗೆಯ ಅಡಿ ಬ್ಲೀಚಿಂಗ್ ಪೌಡರಿನ ಖಾಲಿ ಚೀಲ, ಪಕ್ಕದಲ್ಲಿ ಹೋಟೆಲಿನ ಪಾತ್ರೆ ತಿಕ್ಕುವ ಬ್ರಶ್ಶು.

"ಇದು ಇವರ ಕೆಲಸ," ಎಂದಳು ನೀಲಾವತಿ.

ಯಾರಾದರೂ ಅರ್ಥ ಮಾಡಿಕೊಳ್ಳಬಹುದಾದದ್ದೇ. ಜೀವಮಾನವೆಲ್ಲ ದಿನದ ಕೊನೆಗೆ ಕಾವಲಿ ತಿಕ್ಕಿ, ಡ್ರಮ್ಮು ಬೋರಲು ಹಾಕಿ, ಟಾಂಕಿಗೆ ಪೌಡರು ಸುರಿದು ಬಂದ ಮನುಷ್ಯ. ಮನೆಯಲ್ಲಿ ಹಸುಗೂಸು, ತಲೆಯ ಮೇಲೆ ಪಾಚಿಗಟ್ಟಿದ ಹಸಿರು ನೀರು. ಅವರ ಕಣ್ಣಿಗೆ ಅದು ಗಲೀಜಾಗಿಯೇ ಕಂಡಿರುತ್ತದೆ. ನೀರು ಚೆಲ್ಲಿ, ತಿಕ್ಕಿ, ಪೌಡರು ಹಾಕಿ, ನಲ್ಲಿಯ ನೀರು ತುಂಬಿಸಿದ್ದರು. ಮೀನುಗಳೆಲ್ಲ ಆ ಹಸಿರು ನೀರಿನ ಜೊತೆ ಮೋರಿಗೆ ಹೋಗಿದ್ದವು. ಪೌಡರಿನ ಘಾಟು ನಾಲ್ಕು ಮಳೆಗೆ ತೊಳೆದುಹೋದ ಮೇಲೆ ಸೊಳ್ಳೆಗಳಿಗೆ ಅಂಥ ಜಾಗ ಇಡೀ ಚೆಂಬೂರಿನಲ್ಲಿ ಸಿಗುತ್ತಿರಲಿಲ್ಲ. ಮೀನು ಇದ್ದುದು ಅವರಿಗೆ ಗೊತ್ತಿರಲಿಲ್ಲವೇ ಎಂದರೆ, ಇರಲಿಲ್ಲ. ಅಷ್ಟು ವರ್ಷದಲ್ಲಿ ಅವರು ಆ ಟಬ್ಬುಗಳತ್ತ ಬಗ್ಗಿ ನೋಡಿದ್ದು ಅದೊಂದೇ ಸಲ.

"ಅಕ್ಕ, ಇವರಿಗೆ ಹೇಳ್ಬೇಡಿ. ಇವತ್ತು ತೊಟ್ಟಿಲು, ಪಾಪ, ರಜೆ ಹಾಕಿದ್ದಾರೆ. ಬೇಜಾರು ಮಾಡ್ತಾರೆ," ಎನ್ನುತ್ತ ಟಬ್ಬುಗಳನ್ನು ಒಂದೊಂದಾಗಿ ವಾಲಿಸಿ ನೀರು ಚೆಲ್ಲಿದಳು. ಆಗಲೇ ನೀರಿನ ಟಾಂಕಿ ನೋಡಲು ಸೊಸೈಟಿಯ ಸೆಕ್ರೆಟರಿ ರಂಜನಾ ಮೇಲೆ ಬಂದದ್ದು. ಮೋರಿಯ ಕಡೆ ಹರಿಯುವ ಹುಳಗಳನ್ನು ನೋಡಿ, "ಅಗಂ ಬಾಯಿ, ಡಾಸಾಂಚ್ಯಾ ಅಳ್ಯಾ!" ಎಂದು ಕೂಗಿಕೊಂಡಳು. ಸೊಳ್ಳೆ ಹುಳ ಸಾಕಿದ್ದೀಯಾ ಎಂದು ಅದರ ಹಿಂದೆಯೇ ಬೈದಳು. ನೀಲಾವತಿ ತಲೆ ತಗ್ಗಿಸಿ ಚೆಲ್ಲುತ್ತಲೇ ಇದ್ದಳು.

ತೊಟ್ಟಿಲ ಹಾಡು ಮುಗಿದು, ಬಂದವರು ಉಂಡು ಏಳುವಾಗ ಶ್ರಾವ್ಯಾ ಚಳಿ ಎಂದಳು. ಹಾಲು ಕಟ್ಟಿಕೊಂಡ ಜ್ವರ ಎಂದರು ಬಂದ ಹೆಂಗಸರು. ನಾನೂ ಹಾಗೆಯೇ ಅಂದುಕೊಂಡೆ. ನೀಲಾವತಿ ಮಾತ್ರ ಮಗಳ ಹಣೆಯ ಮೇಲಿಟ್ಟ ಕೈಯನ್ನು ತೆಗೆಯದೆ ನನ್ನ ಮುಖವನ್ನೇ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಡೆಂಗಿ ಎಂದರು ಆಸ್ಪತ್ರೆಯಲ್ಲಿ. ಹಸಿ ಮೈ, ಹೆರಿಗೆಯಲ್ಲಿ ರಕ್ತ ಹೋಗಿದೆ, ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದರು. ತಿಲಕನ ಸ್ನೇಹಿತರು ಸಾಲಾಗಿ ನಿಂತು ರಕ್ತ ಕೊಟ್ಟರು. ದೂಜಣ್ಣ ಎಲ್ಲಿಂದಲೋ ಪಪ್ಪಾಯಿ ಎಲೆ ತಂದು ಹೋಟೆಲಿನ ಮಿಕ್ಸಿಯಲ್ಲಿ ಅರೆಸಿ ರಸ ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಡಾಕ್ಟರು ತಮ್ಮಿಂದಾದದ್ದನ್ನೆಲ್ಲ ಮಾಡಿದರು. ವಸಡಿನಿಂದ ರಕ್ತ ಬರತೊಡಗಿದ ಮೇಲೆ ಶ್ರಾವ್ಯಾ ಹೆಚ್ಚು ಹೊತ್ತು ಉಳಿಯಲಿಲ್ಲ. ಎಂಥ ಹುಡುಗಿ! ಮಗುವಿಗೆ ಹಾಲು ಕುಡಿಸಬಹುದಾ ಎಂದು ನರ್ಸನ್ನು ಕೇಳಿದ್ದೇ ಅವಳ ಕೊನೆಯ ಮಾತು. ಅಮೆ ತೊಳೆದ ಮನೆಗೆ ಸೂತಕ ಬಂತು.

ಆ ಮಳೆಗಾಲ ನಮ್ಮ ಗಲ್ಲಿಯಲ್ಲೆಲ್ಲ ಜ್ವರವಿತ್ತು. ಪಕ್ಕದ ಕಟ್ಟಡದ ಕೆಲಸ ಅರ್ಧಕ್ಕೆ ನಿಂತು ನೆಲಮಾಳಿಗೆಯ ತುಂಬ ನೀರು ನಿಂತಿತ್ತು. ಅವಳನ್ನು ಕಚ್ಚಿದ ಸೊಳ್ಳೆ ಎಲ್ಲಿ ಹುಟ್ಟಿತೆಂದು ಹೇಳಲು ಆ ದೇವರಿಗೂ ಆಗುವುದಿಲ್ಲ. ಆದರೆ ಜನರಿಗೆ ಕೈ ತೋರಿಸಲು ಒಂದು ಜಾಗ ಬೇಕು. ರಂಜನಾ ತಾನು ಕಂಡದ್ದನ್ನು ಮಹಡಿ ಮಹಡಿಗೂ ಹೇಳಿದಳು. ಹೇಳಿದ್ದು ಸುಳ್ಳೇನೂ ಅಲ್ಲವಲ್ಲ.

ಉತ್ತರಕ್ರಿಯೆ ಮುಗಿದ ಮರುದಿನ ತಿಲಕ್ ತನ್ನ ತಾಯಿಯನ್ನು ಕರೆದುಕೊಂಡು ಬಂದ. ನಾನು ಅಲ್ಲಿಯೇ ಕೂತು ಮಗುವಿಗೆ ಬಾಟಲಿಯ ಹಾಲು ಕುಡಿಸುತ್ತಿದ್ದೆ. ಮನೆಯಲ್ಲಿ ಅವರದು ತುಳು. ನಾನಿದ್ದೇನೆಂದು ಅವನು ತನ್ನ ಮುರುಕು ಕನ್ನಡದಲ್ಲಿ ಶುರು ಮಾಡಿದ.

"ಮಾಮಿ, ಸೀದಾ ಕೇಳ್ತೇನೆ. ಮೇಲೆ ಪಾನಿಯಲ್ಲಿ ಮಚ್ಛರ್ ಇತ್ತಾ, ಇಲ್ವಾ?"

ನೀಲಾವತಿ ಉತ್ತರ ಕೊಡುವ ಮೊದಲೇ ದೂಜಣ್ಣ ಎದ್ದು ನಿಂತರು. ಅಷ್ಟು ದಿನ ಅಳದಿದ್ದವರು ಆಗ ಅತ್ತರು. "ನಾನು ನನ್ನ ಕೈಯಾರೆ ತೊಳೆದೆ, ತಿಲಕ್. ಹೋಟೆಲಿಂದ ಪೌಡರ್ ತಂದು ತಿಕ್ಕಿದೆ. ಗಲೀಜು ನೀರೆಲ್ಲ ಚೆಲ್ಲಿ ಫ್ರೆಶ್ ನೀರು ತುಂಬಿಸಿದೆ, ಬಾಣಂತಿ ಉಂಟು, ಮಗು ಉಂಟು ಅಂತ. ಆಮೇಲೆ ಇವಳಿಗೆ ಒಂದು ಸಲ ಹೋಗಿ ನೋಡ್ಲಿಕ್ಕೆ ಆಗ್ಲಿಲ್ಲ. ಅಮೆ ಅಂತೆ, ಅಮೆ! ಇವಳ ಹೂ ನನ್ನ ಮಗಳನ್ನು ತಿಂದು ಹಾಕಿತು."

ನಾನು ಹಾಲಿನ ಬಾಟಲಿಯನ್ನು ಕೆಳಗಿಟ್ಟೆ. "ದೂಜಣ್ಣ, ಆ ನೀರಲ್ಲಿ—" ಎಂದೆ.

"ಮೀನು ಬಿಡ್ಲಿಕ್ಕೆ ನಾನೇ ಮರೆತೆ," ಎಂದು ನೀಲಾವತಿ ನನ್ನ ಮಾತನ್ನು ತುಂಡರಿಸಿದಳು. ಧ್ವನಿ ಏರಲಿಲ್ಲ, ನಡುಗಲಿಲ್ಲ. "ಮಳೆಗೆ ಮೊದಲೇ ಬಿಡ್ಬೇಕಿತ್ತು. ಹೆರಿಗೆಯ ಗಡಿಬಿಡಿಯಲ್ಲಿ ಮರೆತೆ. ತಪ್ಪು ನನ್ನದೇ."

ತಿಲಕ್ ಮಗುವಿನ ಕಡೆ ತಿರುಗಿದ. ಕೆಟ್ಟ ಹುಡುಗನಲ್ಲ ಅವನು. "ಬೇಬಿ ದಹಿಸರ್‌ನಲ್ಲಿ ಇರ್ತಾಳೆ, ಮಮ್ಮಿ ಹತ್ರ. ಮಾವ ಕಭೀ ಭೀ ಬರ್ಲಿ. ನೀವು ಬರ್ಬೇಡಿ ಮಾಮಿ. ನಿಮ್ಮನ್ನು ನೋಡಿದ್ರೆ ನಂಗೆ ಆಗೋದಿಲ್ಲ," ಎಂದ.

ಮಗು ತಮ್ಮ ಕುಟುಂಬದ್ದೆಂದು ಆಗ ಯಾರೂ ಹೇಳಲಿಲ್ಲ. ನೀಲಾವತಿ ಎದ್ದು ಮಗುವಿನ ಬಟ್ಟೆಗಳನ್ನೆಲ್ಲ ಮಡಚಿದಳು, ಎಣ್ಣೆ ಸೀಸೆಯ ಮುಚ್ಚಳ ಬಿಗಿ ಮಾಡಿದಳು, ಹಾಲು ಎಷ್ಟು ಬೆಚ್ಚಗಿರಬೇಕೆಂದು ಬೀಗಿತ್ತಿಗೆ ಹೇಳಿಕೊಟ್ಟಳು. ನನ್ನ ಮಡಿಲಿನಿಂದ ಮಗುವನ್ನು ಎತ್ತಿಕೊಂಡದ್ದು ಬೀಗಿತ್ತಿ. ನೀಲಾವತಿ ಅದನ್ನು ಕೊನೆಯ ಸಲವೆಂದು ಎತ್ತಿಕೊಳ್ಳಲೂ ಇಲ್ಲ. ಎತ್ತಿಕೊಂಡಿದ್ದರೆ ಕೊಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಅವರು ಹೊರಟ ಮೇಲೆ ನಾನು ಅವಳನ್ನು ಮೆಟ್ಟಿಲಿನ ಹತ್ತಿರ ಎಳೆದುಕೊಂಡು ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ನಿನಗೆ ತಲೆ ಕೆಟ್ಟಿದೆಯೇನೇ, ಮಾಡಿದವರು ಒಬ್ಬರು, ಅನ್ನಿಸಿಕೊಳ್ಳುವವಳು ನೀನಾ, ಈಗಲೇ ಹೋಗಿ ಹೇಳುತ್ತೇನೆ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಹೇಳಿ ಎಂತ ಮಾಡುದು ಅಕ್ಕ? ಗೊತ್ತಾದ್ರೆ ತಿಲಕ್ ಇವರಿಗೂ ಬಾಗಿಲು ಹಾಕ್ತಾನೆ. ಆಮೇಲೆ ನಮ್ಮ ಕಡೆಯಿಂದ ಮಗುವನ್ನು ನೋಡ್ಲಿಕ್ಕೆ ಯಾರು ಹೋಗುದು? ಇವರಾದ್ರೂ ಹೋಗ್ಲಿ. ಎತ್ತಿಕೊಂಡು ಬರ್ಲಿ."

"ನಿನ್ನ ಗತಿ?"

"ನನ್ನನ್ನು ಬಿಡಿ. ಇವರಿಗೆ ಗೊತ್ತಾದ್ರೆ ಇವರು ಉಳಿಯುದಿಲ್ಲ. ಅಷ್ಟು ಪ್ರೀತಿಯಿಂದ ಮಾಡಿದ್ದು. ನೀವು ಹೇಳುದಿಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಇನ್ನೇನು ಮಾಡಲಿ? ಅವಳ ಲೆಕ್ಕ ತಪ್ಪಿರಲಿಲ್ಲ, ಅದೇ ನನಗೆ ಸಂಕಟ.

ಟಬ್ಬುಗಳನ್ನು ತೆಗೆಯಬೇಕೆಂದು ಸೊಸೈಟಿಯವರು ಹೇಳುವ ಮೊದಲೇ ದೂಜಣ್ಣ ಅವನ್ನು ಟೆರೇಸಿನಿಂದ ಇಳಿಸಿ ಗುಜರಿಯವನಿಗೆ ಕೊಟ್ಟರು. ಮಣ್ಣನ್ನು ಕೆಳಗೆ ಕಾಂಪೌಂಡು ಗೋಡೆಯ ಪಕ್ಕ ಸುರಿದರು. ಮಣ್ಣಿನೊಳಗೆ ಗೆಡ್ಡೆಗಳು ಗಟ್ಟಿಯಾಗಿ, ಬೆಳ್ಳಗೆ, ಜೀವಂತವಾಗಿಯೇ ಇದ್ದವು. ಗುಡಿಸುವ ಹೆಂಗಸು ಪಲ್ಯಕ್ಕಾಗುತ್ತದೆಂದು ಆರಿಸಿಕೊಂಡು ಹೋದಳು. ನೀಲಾವತಿ ಕಿಟಕಿಯಿಂದ ನೋಡುತ್ತಿದ್ದಳು. ಶುಕ್ರವಾರ ಭಜನಾ ಮಂದಿರಕ್ಕೆ ಹೋಗುವುದನ್ನೂ ಬಿಟ್ಟಳು. ಅಲ್ಲಿಯ ಹೆಂಗಸರು ಅವಳು ಕೂತ ಸಾಲಿನಿಂದ ಸರಿದು ಕೂರುತ್ತಿದ್ದರೆಂದು ಆಮೇಲೆ ತಿಳಿಯಿತು. ಇಷ್ಟು ವರ್ಷ ಅವಳ ಹೂವಿನಲ್ಲಿ ದೇವಿಗೆ ಅಲಂಕಾರ ಮಾಡಿ ಫೋಟೋ ಹೊಡೆಸಿಕೊಂಡವರೇ ಅವರು. ಥೂ.

ದೂಜಣ್ಣ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾರೆ. ಅವಳು ಬಡಿಸಿದ್ದನ್ನು ಉಣ್ಣುತ್ತಾರೆ, ತೊಳೆದದ್ದನ್ನು ಉಡುತ್ತಾರೆ, ಅಷ್ಟೇ. ಹೋಟೆಲಿನ ವಾರದ ರಜೆಯ ದಿನ ಕುರ್ಲಾ, ದಾದರ್ ಎಂದು ಲೋಕಲ್ ಬದಲಾಯಿಸಿಕೊಂಡು ದಹಿಸರಿಗೆ ಹೋಗುತ್ತಾರೆ. ಬಂದವರು ನೇರ ಮನೆಗೆ ಹೋಗದೆ ನಮ್ಮಲ್ಲಿ ಚಾ ಕುಡಿಯಲು ಕೂರುತ್ತಾರೆ, ಮಗುವಿನ ಸುದ್ದಿ ಯಾರಿಗಾದರೂ ಹೇಳಬೇಕಲ್ಲ. ನಾನು ಬಾಗಿಲು ಪೂರ್ತಿ ತೆರೆದಿಡುತ್ತೇನೆ. ಎದುರು ಬಾಗಿಲೂ ತೆರೆದಿರುತ್ತದೆ, ಅದರ ಮರೆಯಲ್ಲಿ ನೀಲಾವತಿ ನಿಂತಿರುತ್ತಾಳೆ. ಅವಳು ಕೇಳಬೇಕಾದದ್ದನ್ನೆಲ್ಲ ನಾನು ಕೇಳುತ್ತೇನೆ. ಕೆಮ್ಮು ಕಡಿಮೆಯಾಯಿತಾ? ಏನು ತಿನ್ನಿಸುತ್ತಾರೆ? ರಾಗಿ ಕೊಡುತ್ತಾರಾ? ಯಾರ ಹಾಗೆ ಕಾಣುತ್ತಾಳೆ? ಕಿವುಡಿಗೆ ಹೇಳುವ ಹಾಗೆ ಜೋರಾಗಿ ಹೇಳಿ ಎನ್ನುತ್ತೇನೆ. ನನಗೆ ಕಿವಿ ಮಂದವಾಗಿದೆಯೆಂದು ಅವರು ನಂಬಿದ್ದಾರೆ.

ನಿನ್ನೆ ಬಂದಾಗ ದೂಜಣ್ಣನ ಮುಖ ಅರಳಿತ್ತು. ಮಗು ಗೋಡೆ ಹಿಡಿದು ನಿಂತಿತಂತೆ. ಅಜ್ಜನ ಬೆರಳು ಹಿಡಿದು ಬಿಡಲೇ ಇಲ್ಲವಂತೆ, ಹೊರಡುವಾಗ ಅತ್ತಿತಂತೆ.

"ಯಾರ ಹಾಗೆ ನಗ್ತಾಳೆ?" ಎಂದು ಜೋರಾಗಿ ಕೇಳಿದೆ.

"ಶ್ರಾವ್ಯಾ ಹಾಗೇ ಅಮ್ಮ. ಥೇಟ್." ಚಾ ಲೋಟವನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು. "ಬರುವಾಗ ತಿಲಕ್ ಸ್ಟೇಶನಿಗೆ ಬಿಡ್ಲಿಕ್ಕೆ ಬಂದ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ ಅಮ್ಮ. ಮಾವ, ಆ ಮನೆಯಲ್ಲಿ ಶ್ರಾವ್ಯಾಳ ಚಿಂತೆ ಇದ್ದದ್ದು ನಿಮಗೊಬ್ಬರಿಗೇ, ಆ ಟಬ್ಬು ತೊಳೆದದ್ದನ್ನು ನಾನು ಯಾವತ್ತೂ ಮರೆಯುದಿಲ್ಲ ಅಂದ."

ನಿಜ ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಹಲ್ಲು ಕಚ್ಚಿಕೊಂಡೆ.

ಎದುರು ಬಾಗಿಲಿನ ಮರೆಯಿಂದ ನೀಲಾವತಿ ಹೊರಗೆ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡು, ಗಂಡನ ಮುಖ ನೋಡದೆ, ನನ್ನ ಕಡೆ ತಿರುಗಿ ಹೇಳಿದಳು:

"ಇವರಿಗೆ ಊಟಕ್ಕೆ ಬರ್ಲಿಕ್ಕೆ ಹೇಳಿ ಅಕ್ಕ. ಬೆಳಿಗ್ಗೆಯಿಂದ ಏನೂ ತಿಂದಿರುದಿಲ್ಲ."